ಕನ್ವರ್ಟಿಬಲ್ ಕಾರಿನ ಬಟ್ಟೆ ಟಾಪ್: ತೊಳೆದು, ಒಣಗಿಸಿ, ಮತ್ತೆ ನೀರು ಹಿಡಿಯದಂತೆ ಮಾಡುವ ಸಮಗ್ರ ಮಾರ್ಗದರ್ಶಿ

"ಸ್ಪ್ರೇ ಹೊಡೆದು ಎರಡು ಮಳೆ ಆಗಿಲ್ಲ, ಟಾಪ್ ಮತ್ತೆ ನೀರು ಕುಡೀತಿದೆ." ಬಟ್ಟೆ ಟಾಪ್, ಅಂದರೆ ಮಡಚಿ ಹಿಂದಕ್ಕೆ ಇಡಬಹುದಾದ ಬಟ್ಟೆಯ ಛಾವಣಿ, ಇರುವ ಕಾರಿನವರಿಂದ ನಾನು ಕೇಳುವ ದೂರು ಹೆಚ್ಚುಕಡಿಮೆ ಇದೊಂದೇ. ಬಾಟಲಿ ಬದಲಾಯಿಸುತ್ತಾರೆ, ಇನ್ನೂ ದುಬಾರಿಯದು ತರಿಸುತ್ತಾರೆ, ಕಥೆ ಮಾತ್ರ ಅದೇ. ಹೇಗೆ ತೊಳೆದಿರಿ ಅಂತ ಕೇಳಿದಾಗ ಗುಟ್ಟು ಹೊರಬೀಳುತ್ತದೆ. ಒಂದೋ ಸೋಪು ಪೂರ್ತಿ ಹೋಗಿಲ್ಲ, ಇಲ್ಲವೇ ಬಟ್ಟೆ ಪೂರ್ತಿ ಒಣಗಿಲ್ಲ. ನೀರು ಹಿಡಿಯದಂತೆ ಮಾಡುವ ಈ ಸ್ಪ್ರೇ ಹೊಡೆಯುವುದು ಅರ್ಧ ಗಂಟೆಯ ಕೆಲಸ. ಅದಕ್ಕೆ ಮೊದಲಿನದ್ದು ಒಂದೂವರೆ ದಿನದ ಕೆಲಸ. ಆ ಒಂದೂವರೆ ದಿನವನ್ನು ಎರಡು ಗಂಟೆಗೆ ಇಳಿಸಲು ಹೋಗಿಯೇ ಎಲ್ಲರೂ ಕೆಡುತ್ತಾರೆ. ನಾನೂ ಮೊದಲ ಸಲ ಹಾಗೇ ಕೆಟ್ಟವನು.

ಒಂದು ವಿಷಯ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಒಳ್ಳೆಯ ಬಟ್ಟೆ ಟಾಪ್‌ನಲ್ಲಿ ಮೂರು ಪದರ ಇರುತ್ತವೆ. ಮೇಲೆ ಅಕ್ರಿಲಿಕ್ ನೂಲಿನ ನೆಯ್ಗೆ, ನಡುವೆ ತೆಳ್ಳಗಿನ ರಬ್ಬರ್, ಒಳಗೆ ಹತ್ತಿ ಅಥವಾ ಪಾಲಿಯೆಸ್ಟರ್ ಬಟ್ಟೆ. ಮಳೆ ಒಳಗೆ ಬರದಂತೆ ತಡೆಯುವುದು ನಡುವಿನ ರಬ್ಬರ್. ಸ್ಪ್ರೇ ಕಾಯುವುದು ಮೇಲಿನ ನೆಯ್ಗೆಯನ್ನು ಮಾತ್ರ. ಹಾಗಾದರೆ ಮೇಲಿನ ಬಟ್ಟೆ ನೆನೆದರೇನು ಕಷ್ಟ? ನೆನೆದ ಬಟ್ಟೆ ದೂಳನ್ನು ಕೆಸರು ಮಾಡಿ ಹಿಡಿದಿಟ್ಟುಕೊಳ್ಳುತ್ತದೆ, ಬೂಷ್ಟು ಬೆಳೆಸುತ್ತದೆ, ಹೊಲಿಗೆಯ ದಾರಕ್ಕೆ ನೀರು ಏರಿಸುತ್ತದೆ. ಸೋರುವುದು ಅಲ್ಲಿಂದ ಶುರು.

## ಮೊದಲು: ನಿಮ್ಮದು ಬಟ್ಟೆಯೋ, ವಿನೈಲೋ?

ಉಗುರಿನಿಂದ ಮೆಲ್ಲಗೆ ಗೀರಿ. ನೆಯ್ಗೆಯ ಗೆರೆಗಳು ಉಗುರಿಗೆ ಸಿಕ್ಕಿ ಸರ್ ಎಂದು ಸದ್ದಾದರೆ ಬಟ್ಟೆ. ಚರ್ಮದ ಹಾಗೆ ನುಣ್ಣಗೆ ಜಾರಿದರೆ ವಿನೈಲ್, ನಾವು ರೆಕ್ಸಿನ್ ಅನ್ನುವಂಥದ್ದು. ಮಿನಿ ಕನ್ವರ್ಟಿಬಲ್, 2018ರಿಂದೀಚಿನ ಬಿಎಂಡಬ್ಲ್ಯು ಝಡ್4, ಮರ್ಸಿಡಿಸ್ ಕ್ಯಾಬ್ರಿಯೋಲೆಗಳು, ಪೋರ್ಷೆ ಬಾಕ್ಸ್‌ಸ್ಟರ್ ಇವೆಲ್ಲ ಬಟ್ಟೆಯ ಟಾಪ್‌ನವು. 2009ರಿಂದ 2016ರವರೆಗಿನ ಝಡ್4 ಮಾತ್ರ ಮಡಚುವ ಲೋಹದ ಟಾಪ್‌ನದು, ಅದಕ್ಕೆ ಈ ಲೇಖನ ಬೇಡ.

ಹಳೇ ಜೀಪು, ಜಿಪ್ಸಿಗಳ ಮೇಲೆ ಹೊಲಿಸಿ ಹಾಕುವ ರೆಕ್ಸಿನ್ ಹುಡ್‌ಗೂ ಇದು ಹೊಂದುವುದಿಲ್ಲ. ರೆಕ್ಸಿನ್ ನೀರು ಕುಡಿಯುವುದೇ ಇಲ್ಲ. ಅದರ ಶತ್ರು ಬಿಸಿಲು. ಬಟ್ಟೆಯ ಸ್ಪ್ರೇಯನ್ನು ಅದರ ಮೇಲೆ ಹೊಡೆದರೆ ಅಂಟಂಟಾಗಿ ಕೂರುತ್ತದೆ. ಉಲ್ಟಾ ಮಾಡಿದರೆ ಇನ್ನೂ ಕೆಟ್ಟದ್ದು. ಡ್ಯಾಶ್‌ಬೋರ್ಡಿಗೋ ಟೈರಿಗೋ ಹಚ್ಚುವ ಹೊಳಪಿನ ದ್ರವವನ್ನು ಬಟ್ಟೆಗೆ ಹಚ್ಚಿದರೆ ಅದು ನೂಲಿನೊಳಗೆ ಇಳಿದು ದೂಳಿಗೆ ಅಂಟಾಗುತ್ತದೆ. ಒಂದು ಡಿಟೇಲಿಂಗ್ ಅಂಗಡಿಯಲ್ಲಿ ನನ್ನ ಕಾರಿಗೆ ಇದನ್ನೇ ಮಾಡಿದ್ದರು. ಮೂರು ದಿನ ಮಿರಮಿರ ಹೊಳೆಯಿತು. ನಾಲ್ಕನೇ ದಿನದಿಂದ ರಸ್ತೆಯ ದೂಳೆಲ್ಲ ಟಾಪ್ ಮೇಲೆ.

## ನೀರು ಮುಟ್ಟಿಸುವ ಮುಂಚೆ ನೋಡಬೇಕಾದ ಅಪಾಯದ ಗುರುತುಗಳು

ಬೆಳಕಿರುವ ಜಾಗದಲ್ಲಿ ಕಾರು ನಿಲ್ಲಿಸಿ ಹತ್ತು ನಿಮಿಷ ಸುಮ್ನೆ ನೋಡಿ.

ಹಿಂದಿನ ಗಾಜು ಬಟ್ಟೆಗೆ ಅಂಟಿಕೊಂಡಿರುವ ಅಂಚನ್ನು ಬೆರಳಿನಿಂದ ಸವರಿ. ಎಲ್ಲಾದರೂ ಬಟ್ಟೆ ಎದ್ದಿದ್ದರೆ ಅಲ್ಲಿಗೇ ನಿಲ್ಲಿಸಿ. ತೊಳೆದು ಉಜ್ಜಿದರೆ ಅದು ಇನ್ನಷ್ಟು ಬಿಡುತ್ತದೆ. ಮೊದಲು ಗಾಜನ್ನು ಸರಿಯಾದ ಅಂಟಿನಿಂದ ಕೂರಿಸಬೇಕು. ಮನೆಯಲ್ಲಿರುವ ಫೆವಿಕ್ವಿಕ್ ಆ ಅಂಟಲ್ಲ. ಅದು ಗಟ್ಟಿಯಾಗಿ ಒಣಗಿ, ಟಾಪ್ ಮಡಚಿದಾಗ ಬಿರುಕು ಬಿಡುತ್ತದೆ.

ಆಮೇಲೆ ಟಾಪ್ ಮಡಚುವ ಗೆರೆಗಳು. ಕಬ್ಬಿಣದ ಕಮಾನುಗಳ ಮೇಲೆ ಬಟ್ಟೆ ಸವೆದು ಒಳಗಿನ ಕಪ್ಪು ರಬ್ಬರ್ ಕಾಣುತ್ತಿದೆಯೇ? ಹೊಲಿಗೆಯ ದಾರ ನಾರುನಾರಾಗಿದೆಯೇ? ಇವೆರಡೂ ಸರಿಮಾಡಬಹುದಾದ ತೊಂದರೆ. ಅದರ ಸರದಿ ಯಾವಾಗ ಎಂದು ಮುಂದೆ ಹೇಳುತ್ತೇನೆ.

ಒಳಗಡೆ ಕೂತು ಮೇಲೆ ನೋಡಿ. ಬಟ್ಟೆಯಲ್ಲಿ ಗುಳ್ಳೆ ಎದ್ದಿದ್ದರೆ, ಕಪ್ಪು ಪುಡಿ ಉದುರುತ್ತಿದ್ದರೆ ನಡುವಿನ ರಬ್ಬರ್ ಸತ್ತಿದೆ ಎಂದು ಅರ್ಥ. ಅದಕ್ಕೆ ಸ್ಪ್ರೇಯಲ್ಲಿ ಮದ್ದಿಲ್ಲ, ಹೊಸ ಟಾಪ್ ಒಂದೇ ದಾರಿ. ಒಳಗಿನ ಬಟ್ಟೆಯ ಮೇಲೆ ಎಣ್ಣೆಯಂಥ ಕಲೆ ಇದ್ದರೆ ಅದು ಮಳೆ ನೀರಲ್ಲ. ಟಾಪ್ ಎತ್ತಿಳಿಸುವ ಹೈಡ್ರಾಲಿಕ್ ಎಣ್ಣೆ ಸೋರುತ್ತಿರಬಹುದು. ಹಳೆಯ ಮರ್ಸಿಡಿಸ್‌ಗಳಲ್ಲಿ ಮುಂದಿನ ಕೊಂಡಿಯ ಹತ್ತಿರ ಇದು ಮಾಮೂಲಿ ಕಾಯಿಲೆ. ಕಲೆ ಒರೆಸುವ ಮೊದಲು ಸೋರುವ ಜಾಗ ಹುಡುಕಿಸಿ.

## ಬೇಕಾದ ಸಾಮಾನು

ಮೃದುವಾದ ಬ್ರಷ್ ಮೂತಿಯ ವ್ಯಾಕ್ಯೂಮ್ ಕ್ಲೀನರ್. ಎರಡು ಬಕೆಟ್. ಐದಾರು ತಿಳಿ ಬಣ್ಣದ ಮೈಕ್ರೋಫೈಬರ್ ಟವೆಲ್. ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್, ತೆಳು ಪ್ಲಾಸ್ಟಿಕ್ ಹಾಳೆ. ಬಟ್ಟೆಯ ನಾರು ತೆಗೆಯುವ ಅಂಟು ರೋಲರ್. ಮುಚ್ಚಳ ಇರುವ ಒಂದು ಪಾರದರ್ಶಕ ಬಾಟಲಿ. ಇದು ಯಾಕೆ ಎಂದು ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಬ್ರಷ್ ವಿಷಯದಲ್ಲಿ ಜಿಪುಣತನ ಬೇಡ. ಕುದುರೆ ಕೂದಲಿನದು ಒಳ್ಳೆಯದು, ಇಲ್ಲದಿದ್ದರೆ ತೀರಾ ಮೃದುವಾದ ನೈಲಾನ್. ಮುಂಗೈಯ ಒಳಬದಿಗೆ ಉಜ್ಜಿಕೊಂಡು ನೋಡಿ. ಚರ್ಮ ಕೆಂಪಾದರೆ ಅದು ಟಾಪ್‌ಗೆ ಬೇಡ. ಬಟ್ಟೆ ಒಗೆಯುವ ಬ್ರಷ್ ಅಂತೂ ಒಂದೇ ಸಲಕ್ಕೆ ನೂಲನ್ನು ಎಬ್ಬಿಸಿ ಹಳೇ ಕಂಬಳಿಯ ಹಾಗೆ ಮಾಡುತ್ತದೆ.

ಕ್ಲೀನರ್‌ಗೆ ಆಟೋಗ್ಲಿಮ್, ರೆನೊವೊ, ರ‍್ಯಾಗ್‌ಟಾಪ್ ಇಂಥ ಹೆಸರುಗಳು ಬಟ್ಟೆ ಟಾಪ್‌ಗೆಂದೇ ದ್ರವ ಮಾಡುತ್ತವೆ. ನಮ್ಮಲ್ಲಿ ಎಲ್ಲವೂ ಎಲ್ಲ ಕಾಲಕ್ಕೂ ಸಿಗುವುದಿಲ್ಲ. ಕೊಳೆ ಜಾಸ್ತಿ ಇಲ್ಲದಿದ್ದರೆ ಪಿಎಚ್ ನ್ಯೂಟ್ರಲ್ (ಹುಳಿಯೂ ಅಲ್ಲದ, ಕ್ಷಾರವೂ ಅಲ್ಲದ) ಕಾರ್ ಶಾಂಪೂ ಸಾಕು. ಅದರಲ್ಲಿ ವ್ಯಾಕ್ಸ್ ಬೆರೆತಿರಬಾರದು, ಅದಷ್ಟೇ ಷರತ್ತು. ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಪುಡಿ, ಸೀಮೆಎಣ್ಣೆ, ಪೆಟ್ರೋಲ್ ಯಾವುದೂ ಹತ್ತಿರ ಬರಬಾರದು. ಪೆಟ್ರೋಲ್ ನಡುವಿನ ರಬ್ಬರನ್ನು ಉಬ್ಬಿಸುತ್ತದೆ.

ಇನ್ನು ನೀರು. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು. ಕಪ್ಪು ಟಾಪ್ ಮೇಲೆ ಒಣಗಿದರೆ ಬಿಳಿ ಚುಕ್ಕಿ ಬಿಡುತ್ತದೆ. ತೊಳೆಯಲು ಬೋರ್ ನೀರು ನಡೆಯುತ್ತದೆ, ಕೊನೆಯ ಸುರಿತಕ್ಕೆ ಕಾವೇರಿ ನೀರು ಇಲ್ಲವೇ ಆರ್‌ಒ ಫಿಲ್ಟರ್‌ನ ಕುಡಿಯುವ ನೀರು ಹತ್ತು ಲೀಟರ್ ತೆಗೆದಿಡಿ. ಇಲ್ಲೊಂದು ತಪ್ಪು ಬಹಳ ಜನ ಮಾಡುತ್ತಾರೆ. ಆರ್‌ಒ ಯಂತ್ರದ ಪೈಪಿನಿಂದ ಹೊರಬರುವ ವೇಸ್ಟ್ ನೀರನ್ನು ಹಿಡಿದು ಕಾರು ತೊಳೆಯುತ್ತಾರೆ. ಉಳಿತಾಯದ ಬುದ್ಧಿ ಒಳ್ಳೆಯದೇ. ಆದರೆ ಫಿಲ್ಟರ್ ತೆಗೆದ ಉಪ್ಪೆಲ್ಲ ಸೇರಿರುವುದು ಆ ನೀರಿನಲ್ಲೇ. ಬೋರ್ ನೀರಿಗಿಂತಲೂ ಗಡಸು ಅದು.

## ಹಂತ 1: ದಿನ ಆರಿಸಿ

ಮಳೆಯಿಲ್ಲದ ಎರಡು ದಿನ ಬೇಕು, ಬೆನ್ನುಬೆನ್ನಿಗೆ. ಬೆಂಗಳೂರು, ಮೈಸೂರಿನ ಕಡೆ ಜನವರಿಯಿಂದ ಮಾರ್ಚ್ ಹೇಳಿ ಮಾಡಿಸಿದ ಕಾಲ. ಗಾಳಿ ಒಣಗಿರುತ್ತದೆ, ಮುಂಗಾರಿಗೆ ಮುಂಚೆ ಕೆಲಸ ಮುಗಿದಿರುತ್ತದೆ. ಮಂಗಳೂರು, ಉಡುಪಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದಕ್ಕೆ ಕೈ ಹಾಕುವುದೇ ಬೇಡ. ಅಲ್ಲಿನ ಗಾಳಿಯಲ್ಲಿ ಹಗ್ಗದ ಮೇಲಿನ ಬನಿಯನ್ನೇ ಒಣಗುವುದಿಲ್ಲ, ಮೂರು ಪದರದ ಬಟ್ಟೆ ಒಣಗುತ್ತದೆಯೇ?

ಬೆಳಿಗ್ಗೆ ಏಳಕ್ಕೆ ನೆರಳಲ್ಲಿ ಶುರು ಮಾಡಿ. ಕಾದ ಟಾಪ್ ಮೇಲೆ ನೊರೆ ಅಲ್ಲಲ್ಲೇ ಒಣಗಿ ಕೂರುತ್ತದೆ.

## ಹಂತ 2: ಒಣಗಿರುವಾಗಲೇ ದೂಳು ತೆಗೆಯಿರಿ

ಬಹಳ ಜನ ಸೀದಾ ಪೈಪ್ ಹಿಡಿಯುತ್ತಾರೆ. ಅಲ್ಲೇ ಮೊದಲ ಎಡವಟ್ಟು. ಒಣ ದೂಳು ವ್ಯಾಕ್ಯೂಮ್‌ಗೆ ಎರಡು ನಿಮಿಷದಲ್ಲಿ ಬರುತ್ತದೆ. ಅದೇ ದೂಳು ನೆನೆದರೆ ಕೆಸರಾಗಿ ನೂಲಿನ ಸಂದಿಗೆ ಇಳಿಯುತ್ತದೆ. ವ್ಯಾಕ್ಯೂಮ್ ಹೊಡೆದು, ಉಳಿದ ಕೂದಲು, ನಾರಿಗೆ ಅಂಟು ರೋಲರ್ ಓಡಿಸಿ. ಹೊಲಿಗೆಯ ಅಂಚು ಮತ್ತು ಗಾಜಿನ ಸುತ್ತಲಿನ ತಗ್ಗನ್ನು ಬಿಡಬೇಡಿ.

ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಿಗ್ಗೆ ಕಾರು ಒರೆಸುವವರು ಒಂದೇ ಬಕೆಟ್ ನೀರಲ್ಲಿ ಹತ್ತು ಕಾರು ಮುಗಿಸುತ್ತಾರೆ. ಆ ಒದ್ದೆ ಬಟ್ಟೆ ದಿನವೂ ಟಾಪ್ ಮೇಲೆ ಓಡಿದರೆ ಏನಾಗಬಹುದು ಯೋಚಿಸಿ. ವರ್ಷದಲ್ಲಿ ಕಪ್ಪು ಟಾಪ್ ಬೂದಿ ಬಣ್ಣಕ್ಕೆ ತಿರುಗಿದರೆ "ಬಿಸಿಲಿಗೆ ಬಣ್ಣ ಹೋಯಿತು" ಅಂದುಕೊಳ್ಳುತ್ತೇವೆ. ಅದರಲ್ಲಿ ಬಹುಪಾಲು ಹತ್ತು ಕಾರುಗಳ ಕೊಳೆ. ವ್ಯಾಕ್ಸ್ ಹಚ್ಚಿದ ಉದ್ದ ದಾರದ ಡಸ್ಟರ್ ಕೂಡ ಬಟ್ಟೆಗೆ ಬೇಡ, ಅದರ ಎಣ್ಣೆ ಟಾಪ್‌ಗೆ ಹತ್ತುತ್ತದೆ.

## ಹಂತ 3: ಕಲೆಗಳನ್ನು ಮೊದಲು, ಬೇರೆಯಾಗಿ

ಕಲೆಯನ್ನು ತೊಳೆಯುವಾಗ ನೋಡಿಕೊಂಡರಾಯಿತು ಎಂದು ಬಿಟ್ಟರೆ ಅದು ನೀರಿನೊಂದಿಗೆ ಹರಡುತ್ತದೆ.

ಹಕ್ಕಿ ಹಿಕ್ಕೆ ಹಸಿಯಾಗಿದ್ದರೆ ಮುಟ್ಟಬೇಡಿ. ಒಣಗಲಿ, ಮೃದು ಬ್ರಷ್‌ನಿಂದ ಪುಡಿಯಾಗಿ ಉದುರಿಸಿ, ವ್ಯಾಕ್ಯೂಮ್ ಹೊಡೆಯಿರಿ. ಉಳಿದ ಗುರುತಿಗೆ ಒದ್ದೆ ಬಟ್ಟೆ ಹತ್ತು ನಿಮಿಷ ಇಟ್ಟು ಒತ್ತಿ ತೆಗೆಯಿರಿ. ನೇರಳೆ ಮರದ ಕೆಳಗೆ ನಿಲ್ಲಿಸುವವರ ಪಾಡು ಬೇರೆ. ಹಣ್ಣಿನ ಕಲೆ ಕಪ್ಪು ಟಾಪ್‌ನಲ್ಲಿ ಕಾಣುವುದಿಲ್ಲ. ತಿಳಿ ಬಣ್ಣದಲ್ಲಿ ಅದೇ ದಿನ ತಣ್ಣೀರಲ್ಲಿ ಒತ್ತಿ ತೆಗೆಯದಿದ್ದರೆ, ಆಮೇಲೆ ಮಾಸಲು ಮಾಡಬಹುದೇ ಹೊರತು ಪೂರ್ತಿ ತೆಗೆಯುವುದು ಕಷ್ಟ.

ಮರದ ಅಂಟಿಗೆ ಐಸ್ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒತ್ತಿ ಹಿಡಿಯಿರಿ. ಅಂಟು ಗಾಜಿನಂತೆ ಗಟ್ಟಿಯಾದ ಮೇಲೆ ಉಗುರಿನಿಂದ ಬಿಡಿಸಿ. ಉಳಿದ ಜಿಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿ ತಟ್ಟಿ. ನೇರ ಸುರಿಯಬೇಡಿ.

ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಮೇಲಿನ ಕಾಂಕ್ರೀಟ್ ಸ್ಲ್ಯಾಬ್‌ನಿಂದ ತೊಟ್ಟಿಕ್ಕುವ ನೀರಿನ ಬಿಳಿ ಕಲೆ ಸುಣ್ಣದ್ದು. ಸೋಪಿಗೆ ಅದು ಬಗ್ಗುವುದಿಲ್ಲ, ಹುಳಿಗೆ ಬಗ್ಗುತ್ತದೆ. ಬಿಳಿ ವಿನೆಗರ್ ಒಂದು ಪಾಲು, ನೀರು ನಾಲ್ಕು ಪಾಲು. ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ಬಣ್ಣ ಬಿಡುವುದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಕಲೆಯ ಮೇಲೆ ತಟ್ಟಿ, ಐದು ನಿಮಿಷದಲ್ಲಿ ತೊಳೆಯಿರಿ.

ಬೂಷ್ಟಿಗೂ ಅದೇ ವಿನೆಗರ್ ನೀರು. ಆದರೆ ಮೊದಲು ಬಯಲಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಒಣ ಬ್ರಷ್‌ನಿಂದ ಉದುರಿಸಿ. ಬ್ಲೀಚ್ ಹಾಕುವ ಆಸೆ ಬರುತ್ತದೆ, ತಡೆದುಕೊಳ್ಳಿ. ಅಕ್ರಿಲಿಕ್ ನೂಲಿನ ಬಣ್ಣ ತಡೆದರೂ ತಡೆಯಬಹುದು, ಹೊಲಿಗೆಯ ದಾರ ಮತ್ತು ರಬ್ಬರ್ ತಡೆಯುವುದಿಲ್ಲ.

## ಹಂತ 4: ತೊಳೆಯುವುದು

ಟಾಪ್ ಪೂರ್ತಿ ಮುಚ್ಚಿ ಕೊಂಡಿ ಬಿದ್ದಿರಲಿ, ಗಾಜುಗಳು ಮೇಲಿರಲಿ. ಮೊದಲು ಇಡೀ ಕಾರನ್ನು ನೆನೆಸಿ. ಕೆಳಗೆ ಇಳಿಯುವ ಕೊಳೆ ನೊರೆ ಒಣ ಪೇಂಟ್ ಮೇಲೆ ಒಣಗದಿರಲಿ ಅಂತ.

ಟಾಪನ್ನು ನಾಲ್ಕು ಭಾಗ ಮಾಡಿಕೊಳ್ಳಿ. ಒಂದು ಭಾಗಕ್ಕೆ ಕ್ಲೀನರ್ ಹಾಕಿ, ನೊರೆ ಬರಿಸಿ, ನೆಯ್ಗೆಯ ಗೆರೆ ಹೋಗುವ ದಿಕ್ಕಿನಲ್ಲೇ ಮುಂದಿನಿಂದ ಹಿಂದಕ್ಕೆ ಬ್ರಷ್ ಎಳೆಯಿರಿ. ಸುತ್ತುಸುತ್ತಾಗಿ ಉಜ್ಜಿದರೆ ನೂಲು ಎದ್ದು, ಒಣಗಿದ ಮೇಲೆ ವೃತ್ತದ ಗುರುತು ಕಾಣುತ್ತದೆ. ಕೈಯ ಭಾರ ಬೇಡ, ಕೆಲಸವನ್ನು ನೊರೆಗೆ ಬಿಡಿ. ಮೊದಲ ನೊರೆ ಚಹಾದ ಬಣ್ಣಕ್ಕೆ ಬರುತ್ತದೆ. ಹೆದರಬೇಡಿ, ಅದು ಟಾಪ್‌ನ ಬಣ್ಣ ಅಲ್ಲ, ಕೊಳೆ. ತೊಳೆದು ಇನ್ನೊಮ್ಮೆ ಮಾಡಿ. ನೊರೆ ಬಿಳಿಯಾಗಿ ಬರುವವರೆಗೂ ಮಾಡಬೇಕು. ವರ್ಷಗಟ್ಟಲೆ ಮುಟ್ಟದ ಟಾಪ್ ಆದರೆ ಮೂರು ಸುತ್ತು ಬೇಕಾದೀತು. ನಡುವೆ ಚಹಾ ಕುಡಿಯಲು ಹೋಗಬೇಡಿ. ನೊರೆ ಒಣಗಿದರೆ ಕೆಲಸ ಎರಡರಷ್ಟು.

ಹಿಂದಿನ ಕಿಟಕಿ ಗಾಜಿನದಾದರೆ ಚಿಂತೆಯಿಲ್ಲ. ವಿದೇಶದಲ್ಲಿರುವ ಕನ್ನಡಿಗರ ಹತ್ತಿರ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಇದ್ದರೆ ಅದರ ಕಿಟಕಿ ಪ್ಲಾಸ್ಟಿಕ್‌ನದಾಗಿರಬಹುದು. ಬಾಕ್ಸ್‌ಸ್ಟರ್‌ಗೂ 2002ರ ಮಾದರಿಯವರೆಗೆ ಪ್ಲಾಸ್ಟಿಕ್ಕೇ. ಅದನ್ನು ಬ್ರಷ್‌ನಿಂದ ಮುಟ್ಟಬೇಡಿ, ಅಮೋನಿಯ ಇರುವ ಗಾಜಿನ ಕ್ಲೀನರ್ ಹಾಕಬೇಡಿ, ಒಣಗಿದ್ದಾಗ ಒರೆಸಲೇಬೇಡಿ. ಬರೀ ನೀರು, ಮೆತ್ತನೆಯ ಬಟ್ಟೆ.

## ಹಂತ 5: ಸೋಪು ಬಿಡಿಸುವುದು

ಸೋಲುವವರಲ್ಲಿ ಜಾಸ್ತಿ ಜನ ಸೋಲುವುದು ಇಲ್ಲಿ. ನಿಧಾನವಾಗಿ ಓದಿ.

ಸೋಪಿನ ಕೆಲಸ ಏನು? ನೀರು ಬಟ್ಟೆಯೊಳಗೆ ಸಲೀಸಾಗಿ ಇಳಿಯುವಂತೆ ಮಾಡುವುದು. ಸ್ಪ್ರೇಯ ಕೆಲಸ? ನೀರು ಇಳಿಯದಂತೆ ಮಾಡುವುದು. ಎರಡೂ ಒಂದೇ ನೂಲಿನ ಮೇಲೆ ಕೂತರೆ ಗೆಲ್ಲುವುದು ಸೋಪು. ಕಣ್ಣಿಗೆ ಟಾಪ್ ಸ್ವಚ್ಛವಾಗಿಯೇ ಕಾಣುತ್ತದೆ, ಕೈಗೆ ಜಾರುವುದೂ ಇಲ್ಲ. ಆದರೂ ನೂಲಿನ ಒಳಗೆ ಸೋಪು ಉಳಿದಿರುತ್ತದೆ. ಮೇಲೆ ಸ್ಪ್ರೇ ಬೀಳುತ್ತದೆ. ಮೊದಲ ದಿನ ಹನಿ ಚೆನ್ನಾಗಿ ಜಾರುತ್ತದೆ, ಫೋಟೋ ತೆಗೆದು ಗ್ರೂಪಿಗೆ ಹಾಕುತ್ತೀರಿ. ಮೊದಲ ಜೋರು ಮಳೆಗೆ ಒಳಗಿನ ಸೋಪು ಎಚ್ಚರಾಗುತ್ತದೆ.

ಪೈಪಿಗೆ ಶವರ್ ಮೂತಿ ಹಾಕಿ, ಟಾಪ್‌ನ ನಡುವಿನಿಂದ ಅಂಚಿನ ಕಡೆಗೆ ನೀರು ಬಿಡಿ. ಒಂದು ಕೈಯಲ್ಲಿ ನೀರು, ಇನ್ನೊಂದು ಕೈಯಲ್ಲಿ ಸ್ವಚ್ಛ ತೊಳೆದ ಬ್ರಷ್. ಸೋಪು ಹತ್ತಿದ ಬ್ರಷ್ಷಿನಿಂದಲೇ ಸೋಪು ಬಿಡಿಸಲು ಹೋಗುವವರನ್ನು ನೋಡಿದ್ದೇನೆ. ಬ್ರಷ್ ಮೆಲ್ಲಗೆ ಎಳೆಯುತ್ತಾ ಹೋದರೆ ಮತ್ತೆ ನೊರೆ ಏಳುತ್ತದೆ. ಅದೇ ಒಳಗೆ ಉಳಿದದ್ದು.

ಈಗ ಆ ಪಾರದರ್ಶಕ ಬಾಟಲಿ. ಟಾಪ್‌ನ ಅಂಚಿನಿಂದ ಇಳಿಯುವ ನೀರನ್ನು ಅರ್ಧ ಬಾಟಲಿ ಹಿಡಿದು, ಮುಚ್ಚಳ ಹಾಕಿ, ಹತ್ತು ಸಲ ಕುಲುಕಿ ಇಡಿ. ಮೇಲೆ ಗುಳ್ಳೆಗಳ ಪದರ ನಿಂತರೆ ಸೋಪು ಇನ್ನೂ ಇದೆ. ಗುಳ್ಳೆ ತಕ್ಷಣ ಒಡೆದು ನೀರು ಬೋಳಾದರೆ ಸಾಕು. ಟಾಪ್‌ನ ನಾಲ್ಕೂ ಕಡೆಯ ನೀರು ಹಿಡಿದು ನೋಡಿ. ನನ್ನ ಕಾರಿಗೆ ಆರು ಸಲ ಸುರಿಯಬೇಕಾಯಿತು. ಮೂರನೆಯ ಸಲಕ್ಕೇ "ಆಯ್ತು ಬಿಡು" ಅನಿಸಿತ್ತು, ಬಾಟಲಿ ಬೇರೆಯೇ ಹೇಳಿತು.

ಪ್ರೆಷರ್ ವಾಷರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ದೂರದಿಂದ, ಅಗಲ ಮೂತಿಯಲ್ಲಿ, ಹೊಲಿಗೆ ತಪ್ಪಿಸಿ ಹೊಡೆಯುವವರಿದ್ದಾರೆ. ನನ್ನ ಮಾತು ಕೇಳಿದರೆ ಬೇಡ. ಒಂದು ಸಲ ಕೈ ತಪ್ಪಿ ಹೊಲಿಗೆಗೋ ಗಾಜಿನ ಅಂಚಿಗೋ ಬಿದ್ದರೆ ಉಳಿಸಿದ ಇಪ್ಪತ್ತು ನಿಮಿಷಕ್ಕೆ ದೊಡ್ಡ ಬೆಲೆ ತೆರಬೇಕು.

ಕೊನೆಯಲ್ಲಿ ತೆಗೆದಿಟ್ಟ ಮೆದು ನೀರನ್ನು ಚೊಂಬಿನಿಂದ ಎಲ್ಲ ಕಡೆ ಸುರಿಯಿರಿ.

## ಹಂತ 6: ಒಣಗಿಸುವುದು

ಟವೆಲ್ ಹಾಸಿ ಅಂಗೈಯಿಂದ ಒತ್ತಿ, ಎತ್ತಿ, ಹಿಂಡಿ. ಉಜ್ಜಬೇಡಿ. ನೀರು ಎಳೆಯುವ ವೆಟ್ ವ್ಯಾಕ್ಯೂಮ್ ಇದ್ದರೆ ಇನ್ನೂ ಒಳ್ಳೆಯದು, ಅರ್ಧ ನೀರು ಅದರಲ್ಲೇ ಬರುತ್ತದೆ. ಆಮೇಲೆ ಬಿಸಿಲಿಗೆ ನಿಲ್ಲಿಸಿ. ಹೀಟ್ ಗನ್ ಬೇಡ, ಅಕ್ರಿಲಿಕ್ ಬಿಸಿಗೆ ಕರಗುವ ನೂಲು.

ಮಧ್ಯಾಹ್ನದ ಹೊತ್ತಿಗೆ ಮುಟ್ಟಿದರೆ ಒಣಗಿದೆ ಎನಿಸುತ್ತದೆ. ಅಲ್ಲಿ ಮೋಸ. ಹೊಲಿಗೆಗಳಲ್ಲಿ ಬಟ್ಟೆ ಎರಡು ಮೂರು ಪಟ್ಟು ಮಡಚಿರುತ್ತದೆ, ಅದರೊಳಗೆ ನೀರು ಕೂತಿರುತ್ತದೆ. ಪರೀಕ್ಷೆ ಸುಲಭ. ಅರ್ಧ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ದಪ್ಪ ಹೊಲಿಗೆಯ ಮೇಲೆ ಹಾಕಿ, ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಅರ್ಧ ಗಂಟೆ ಬಿಸಿಲಲ್ಲಿ ಬಿಡಿ. ಹಾಳೆಯ ಒಳಗೆ ಆವಿಯ ಹನಿ ಕಂಡರೆ ಇನ್ನೂ ಒಣಗಿಲ್ಲ. ನನ್ನ ಲೆಕ್ಕ: ತೊಳೆದ ದಿನ ಸ್ಪ್ರೇ ಇಲ್ಲ. ಮರುದಿನ ಹತ್ತು ಗಂಟೆಗೆ ಹಾಳೆ ಅಂಟಿಸಿ ನೋಡಿ, ಆಮೇಲೆ ಡಬ್ಬಿ ತೆರೆಯುವುದು.

ಅಲ್ಲಿಯವರೆಗೆ ಟಾಪ್ ಮಡಚಬೇಡಿ. ಒದ್ದೆ ಟಾಪ್ ಮಡಚಿಟ್ಟರೆ ಬೂಷ್ಟಿಗೆ ತೊಟ್ಟಿಲು ಕಟ್ಟಿಕೊಟ್ಟ ಹಾಗೆ.

## ಹಂತ 7: ಹರುಕು ಮತ್ತು ಬಣ್ಣ, ಸ್ಪ್ರೇಗೆ ಮುಂಚೆ

ಕ್ರಮ ತಪ್ಪುವ ಇನ್ನೊಂದು ಜಾಗ ಇದು. ಸ್ಪ್ರೇ ಹೊಡೆದ ಬಟ್ಟೆಗೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ಇಳಿಯುವುದಿಲ್ಲ. ಹಾಗಾಗಿ ಹೊಲಿಗೆ ಮೊದಲು, ಬಣ್ಣ ಆಮೇಲೆ, ಸ್ಪ್ರೇ ಕೊನೆಗೆ.

ಬಿಟ್ಟ ಹೊಲಿಗೆಗೆ ಬಾಗಿದ ಸೂಜಿ, ದಪ್ಪ ಪಾಲಿಯೆಸ್ಟರ್ ದಾರ. ಹಳೆಯ ತೂತುಗಳಲ್ಲೇ ದಾರ ಹಾಯಿಸಿ. ಹೊಸ ತೂತು ಅಂದರೆ ಹೊಸ ಸೋರಿಕೆ. ಹತ್ತಿ ದಾರ ಎರಡು ಮಳೆಗಾಲಕ್ಕೆ ಕೊಳೆಯುತ್ತದೆ. ಸಣ್ಣ ತೂತಿಗೆ ಒಳಗಿನಿಂದ ಅದೇ ಬಗೆಯ ಬಟ್ಟೆಯ ತೇಪೆ, ಬಾಗುವ ಅಂಟು. ಅಂಗೈ ಅಗಲದ ಹರುಕಿಗೆ ಮನೆ ರಿಪೇರಿ ಬೇಡ.

ಬಣ್ಣ ಎಲ್ಲರಿಗೂ ಬೇಕಿಲ್ಲ. ತೊಳೆದು ಒಣಗಿದ ಮೇಲೆ ಎಷ್ಟೋ ಟಾಪ್‌ಗಳು ತಾವಾಗಿಯೇ ಕಪ್ಪಾಗಿ ಕಾಣುತ್ತವೆ. ಬಿಸಿಲು ಬೀಳದ ಮಡಿಕೆಯ ಒಳಗಿನ ಬಣ್ಣದ ಜೊತೆ ಹೋಲಿಸಿ. ದೊಡ್ಡ ವ್ಯತ್ಯಾಸ ಇದ್ದರಷ್ಟೇ ಕೈ ಹಾಕಿ. ರೆನೊವೊದಂಥವರು ಟಾಪ್‌ಗೆಂದೇ ಮಾಡಿದ ಬಣ್ಣವನ್ನು ಸ್ಪಂಜಿನ ಬ್ರಷ್‌ನಿಂದ ತೆಳ್ಳಗೆ, ನೆರಳಲ್ಲಿ, ಎರಡು ಸಲ ಹಚ್ಚಬೇಕು. ಬೂಟ್ ಪಾಲಿಶ್, ಅಂಗಡಿಯ ಬಟ್ಟೆ ಬಣ್ಣದ ಪುಡಿ ಇವು ಪ್ರಯೋಗಕ್ಕೂ ಬೇಡ. ಹತ್ತಿಗೆ ಹಿಡಿಯುವ ಪುಡಿ ಅಕ್ರಿಲಿಕ್‌ಗೆ ಹಿಡಿಯುವುದಿಲ್ಲ, ಮೊದಲ ಮಳೆಗೆ ಇಳಿದು ಬಾಗಿಲ ಪೇಂಟಿಗೆ ಹತ್ತುತ್ತದೆ. ಹಚ್ಚಿದ ಬಣ್ಣ ವಾಪಸ್ ತೆಗೆಯಲು ಬರುವುದಿಲ್ಲ ಎನ್ನುವುದೂ ನೆನಪಿರಲಿ. ಅದು ಒಂದು ದಿನ ಪೂರ್ತಿ ಒಣಗಬೇಕು.

## ಹಂತ 8: ಸ್ಪ್ರೇ

ಗಾಜು, ಪೇಂಟ್, ಬೀಡಿಂಗ್ (ಕಿಟಕಿ, ಬಾಗಿಲಂಚಿನ ರಬ್ಬರ್ ಪಟ್ಟಿ) ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆ ಮತ್ತು ಟೇಪಿನಿಂದ ಮುಚ್ಚಿ. ಬೇಜಾರಿನ ಕೆಲಸ, ಆದರೆ ಗಾಜಿನ ಮೇಲೆ ಒಣಗಿದ ಸ್ಪ್ರೇ ತೆಗೆಯುವುದು ಅದಕ್ಕಿಂತ ಬೇಜಾರು. ಗಾಳಿ ಬೀಸದ ಹೊತ್ತು, ಬಯಲು ಜಾಗ, ಮುಖಕ್ಕೆ ಮಾಸ್ಕ್. ಈ ಸ್ಪ್ರೇಗಳಲ್ಲಿ ಹಲವು ಬೇಗ ಬೆಂಕಿ ಹತ್ತುವಂಥವು. ಹತ್ತಿರ ಬೀಡಿ, ಸಿಗರೇಟ್ ಬೇಡ. ಬೇಸ್‌ಮೆಂಟ್‌ನಲ್ಲಿ ಮಾಡಲೇಬೇಡಿ.

ಕೊಳ್ಳುವಾಗ ಲೇಬಲ್ ನೋಡಿ. ಸಿಲಿಕೋನ್ ಬಗೆಯದು ನೀರನ್ನು ಮಾತ್ರ ದೂರ ಇಡುತ್ತದೆ, ಫ್ಲೋರೊಪಾಲಿಮರ್ ಬಗೆಯದು ಎಣ್ಣೆ ಜಿಡ್ಡನ್ನೂ ದೂರ ಇಡುತ್ತದೆ. 303 ಫ್ಯಾಬ್ರಿಕ್ ಗಾರ್ಡ್ ನಮ್ಮ ಕಡೆ ಹೆಚ್ಚು ಜನ ಕೇಳಿರುವ ಹೆಸರು. ಅದಕ್ಕೆ 21 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು, ಹೊಡೆದ ಮೇಲೆ 6ರಿಂದ 12 ಗಂಟೆ ಒದ್ದೆ ತಾಕಬಾರದು. ಡಿಸೆಂಬರ್‌ನ ಬೆಂಗಳೂರು ಬೆಳಿಗ್ಗೆ ಇದಕ್ಕೆ ಆಗುವುದಿಲ್ಲ, ಹೊತ್ತೇರಲಿ.

ಒಂದು ಗೇಣು ದೂರದಿಂದ, ಒಂದು ಪಟ್ಟೆಯ ಮೇಲೆ ಇನ್ನೊಂದು ಪಟ್ಟೆ ಅರ್ಧ ಬರುವಂತೆ ಹೊಡೆಯಿರಿ. ಬಟ್ಟೆ ಸಮನಾಗಿ ತೇವವಾಗಬೇಕು, ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಬಿಳಿ ಗೆರೆ ಉಳಿಯುತ್ತದೆ. ಹೊಲಿಗೆಗಳಿಗೆ ಇನ್ನೊಂದು ಕೈ ಜಾಸ್ತಿ ಕೊಡಿ. ಎರಡನೆಯ ಸುತ್ತು ಬೇಕೋ ಬೇಡವೋ ಅದನ್ನು ಲೇಬಲ್ ಹೇಳುತ್ತದೆ, ಅದರ ಮಾತು ಕೇಳಿ. ಗಾಜಿಗೆ ಹಾರಿದ್ದನ್ನು ಆಗಿಂದಾಗಲೇ ಒರೆಸಿ.

ಮರುದಿನ ಚೊಂಬಿನಿಂದ ನೀರು ಚಿಮುಕಿಸಿ. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಹನಿ ಉರುಳಬೇಕು. ಹನಿ ನಿಂತು ಒಂದೆರಡು ನಿಮಿಷದಲ್ಲಿ ಅದರ ಕೆಳಗೆ ಕಪ್ಪು ಕಲೆ ಹರಡಿದರೆ ಅಲ್ಲಿ ಸೋಪು ಉಳಿದಿದೆ. ಮೇಲೆ ಇನ್ನಷ್ಟು ಸ್ಪ್ರೇ ಹೊಡೆದು ಪ್ರಯೋಜನವಿಲ್ಲ. ಐದನೇ ಹಂತಕ್ಕೆ ಹಿಂದಕ್ಕೆ ಹೋಗಿ.

## ಹಂತ 9: ಡ್ರೈನ್ ಮತ್ತು ಬೀಡಿಂಗ್

ಟಾಪ್ ಎಷ್ಟೇ ಚೆನ್ನಾಗಿ ನೀರು ಜಾರಿಸಲಿ, ಜಾರಿದ ನೀರು ಎಲ್ಲಿಗೋ ಹೋಗಬೇಕಲ್ಲ. ಬಹುತೇಕ ಕನ್ವರ್ಟಿಬಲ್‌ಗಳಲ್ಲಿ ಟಾಪ್‌ನ ಬುಡದಲ್ಲಿ ಎರಡೂ ಬದಿ ನೀರು ಹೊರಹೋಗುವ ದಾರಿ, ಅಂದರೆ ಡ್ರೈನ್, ಇರುತ್ತದೆ. ಎಲೆ, ಹೂವಿನ ಎಸಳು, ಕೆಸರು ಸೇರಿ ಅದು ಕಟ್ಟಿಕೊಂಡರೆ ನೀರು ಸೀದಾ ಕಾರ್ಪೆಟ್‌ಗೆ. ಮೊದಲ ಬಾಕ್ಸ್‌ಸ್ಟರ್‌ನಲ್ಲಿ ಕಳ್ಳತನ ತಡೆಯುವ ಇಮೊಬಿಲೈಸರ್ ಪೆಟ್ಟಿಗೆ ಸೀಟಿನ ಕೆಳಗೇ ಇದೆ. ಡ್ರೈನ್ ಕಟ್ಟಿ ಅದು ನೆನೆದರೆ ಕಾರು ಸ್ಟಾರ್ಟೇ ಆಗುವುದಿಲ್ಲ.

ಒಂದು ಲೋಟ ನೀರನ್ನು ನಿಧಾನವಾಗಿ ಹಾಕಿ, ಕಾರಿನ ಕೆಳಗೆ ಬೀಳುತ್ತದೆಯೇ ನೋಡಿ. ಬೀಳದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಮೆಲ್ಲಗೆ ತಳ್ಳಿ. ತಂತಿ ಹಾಕಿದರೆ ಪೈಪ್ ತೂತಾಗುತ್ತದೆ. ಕಂಪ್ರೆಸರ್ ಗಾಳಿ ಹೊಡೆದರೆ ಪೈಪ್ ಒಳಗೆ ಎಲ್ಲೋ ಕಳಚಿಕೊಳ್ಳುತ್ತದೆ, ಆಮೇಲೆ ಸೀಟು ಬಿಚ್ಚಬೇಕು.

ಬೀಡಿಂಗ್ ರಬ್ಬರನ್ನು ಬರೀ ನೀರಲ್ಲಿ ಒರೆಸಿ ಒಣಗಿಸಿ, ಸಿಲಿಕೋನ್ ಗ್ರೀಸ್ ಇಲ್ಲವೇ ಗುಮ್ಮಿ ಪ್ಲೆಗೆಯಂಥ ರಬ್ಬರ್ ದ್ರವವನ್ನು ತೆಳ್ಳಗೆ ಸವರಿ. ವ್ಯಾಸಲೀನ್ ಬೇಡ, ಪೆಟ್ರೋಲಿಯಂ ಜಿಡ್ಡು ಈ ರಬ್ಬರನ್ನು ಉಬ್ಬಿಸುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ. ಮನೆಯಲ್ಲಿ ಎಲ್ಲದಕ್ಕೂ ಅದೇ ಮದ್ದು ನಿಜ, ಬೀಡಿಂಗ್‌ಗೆ ಅಲ್ಲ.

## ಆಮೇಲಿನ ದಿನಗಳು

ವಾರಕ್ಕೊಮ್ಮೆ ಒಣ ವ್ಯಾಕ್ಯೂಮ್, ತಿಂಗಳಿಗೊಮ್ಮೆ ಬರೀ ನೀರು. ಕಾರು ಒರೆಸುವವರಿಗೆ ಟಾಪ್ ಮುಟ್ಟಬೇಡಿ ಎಂದು ಬಾಯಲ್ಲಿ ಹೇಳಿದರೆ ಸಾಲದು, ಅವರು ಬದಲಾಗುತ್ತಿರುತ್ತಾರೆ. ನಾನು ವೈಪರ್‌ಗೆ ಒಂದು ಚೀಟಿ ಸಿಕ್ಕಿಸುತ್ತೇನೆ. ಬ್ರಷ್ ತಿರುಗುವ ಆಟೋಮ್ಯಾಟಿಕ್ ವಾಷ್‌ಗೆ ಹೋಗಬೇಡಿ, ಅಲ್ಲಿ ಕೊನೆಗೆ ಸುರಿಯುವ ವ್ಯಾಕ್ಸ್ ಬಟ್ಟೆಗೆ ಮಾರಿ. ಮಳೆಗಾಲದಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಕವರ್ ಹಾಕಿದರೆ ಒಳಗೇ ಬೆವರುತ್ತದೆ.

ನೀರು ಉರುಳುವುದು ನಿಂತಾಗ ಮತ್ತೆ ಸ್ಪ್ರೇ. ಬಯಲಲ್ಲಿ ನಿಲ್ಲುವ ಕಾರಿಗೆ ವರ್ಷಕ್ಕೆ ಎರಡು ಸಲ ಬೇಕಾಗಬಹುದು, ಸೂರಿನ ಕೆಳಗಿನದಕ್ಕೆ ಒಂದು ಸಲ ಸಾಕು.

ಇಷ್ಟಾದ ಮೇಲೂ ಒಳಗೆ ನೀರು ಬಂದರೆ ಎಲ್ಲಿ ಬಂತು ನೋಡಿ. ಕಿಟಕಿಯ ಮೇಲಂಚಿನಿಂದ ಇಳಿದರೆ ಬೀಡಿಂಗ್. ಹೊಲಿಗೆಯ ಗೆರೆಯುದ್ದಕ್ಕೂ ತೇವ ಇದ್ದರೆ ದಾರ, ಅದಕ್ಕೆ ಹೊಲಿಗೆಯ ತೂತು ಮುಚ್ಚುವ ಸೀಮ್ ಸೀಲರ್ ಹಚ್ಚಬಹುದು. ಮೇಲೆಲ್ಲ ಒಣಗಿದ್ದು ಕಾಲಡಿ ಮಾತ್ರ ಒದ್ದೆ ಆದರೆ ಡ್ರೈನ್. ಹೊಲಿಗೆಯೇ ಇಲ್ಲದ ಬಟ್ಟೆಯ ನಡುಭಾಗದಿಂದ ತೊಟ್ಟಿಕ್ಕಿದರೆ ರಬ್ಬರ್ ಪದರ ಮುಗಿದಿದೆ. ಆಗ ಇನ್ನೊಂದು ಬಾಟಲಿ ತರಿಸಬೇಡಿ, ಹೊಸ ಟಾಪ್‌ನ ರೇಟು ವಿಚಾರಿಸಿ.